ಬಾಯಿಲೆಕ್ಕದ ದಾರಿಯಲ್ಲಿ ಬರವಣಿಗೆಯ ಲೆಕ್ಕ

402ರಲ್ಲಿ 185 ಕಳೆಯಲು ಹೇಳಿದರೆ ಮೂರನೆಯ ತರಗತಿಯ ಮಕ್ಕಳಲ್ಲಿ ಕೆಲವರು 383 ಎಂದು ಬರೆದು ತರುತ್ತಾರೆ. 2ರಲ್ಲಿ 5 ಹೋಗದೆಂದು 5ರಲ್ಲೇ 2 ಕಳೆದಿರುತ್ತಾರೆ. 0 ಮತ್ತು 8 ಎದುರಾದಲ್ಲಿ 8ನ್ನೇ ಕೆಳಗಿಳಿಸಿರುತ್ತಾರೆ. ಸ್ಲೇಟು ಬದಿಗಿಟ್ಟು, ‘402 ರೂಪಾಯಿ ಹಿಡಿದು ಮಂಡ್ಯದ ಪೇಟೆಗೆ ಹೋಗಿ 185 ರೂಪಾಯಿಗೆ ಬೆಲ್ಲ ತಂದರೆ ಉಳಿಯುವುದೆಷ್ಟು?’ ಎಂದು ಅದೇ ಮಗುವನ್ನು ಕೇಳಿ ನೋಡಿ. ‘185ಕ್ಕೆ 15 ಸೇರಿದರೆ 200, ಅಲ್ಲಿಂದಾಚೆಗೆ 202, ಒಟ್ಟು 217’ ಎಂದು ಅದು ಎಣಿಸಿ ಹೇಳುವುದುಂಟು. ಬಾಯಿಗೆ ಗೊತ್ತಿರುವುದನ್ನು ಕೈಗೆ ದಾಟಿಸುವುದಷ್ಟೇ ನಮ್ಮ ಕೆಲಸ.

ಮೊದಲು 7–3, 8–2, 6–4 ಎಂಬ ಹತ್ತರ ಜೋಡಿಗಳು ತಡವರಿಸದೆ ಬರುವವರೆಗೆ ದಿನಕ್ಕೆ ಐದು ನಿಮಿಷ ಬಾಯಿಲೆಕ್ಕ ಮಾಡಿಸಿ. ಅನಂತರ 47 ಮತ್ತು 38 ಕೂಡಿಸಲು ಹೇಳಿ. ನಲವತ್ತೇಳು ಎಂಬ ಮಾತಿನಲ್ಲೇ ನಲವತ್ತೂ ಏಳೂ ಕೇಳಿಸುವುದರಿಂದ ಕನ್ನಡದ ಮಗುವಿಗೆ ಸಂಖ್ಯೆ ಬಿಡಿಸುವುದು ಕಷ್ಟವಲ್ಲ: ‘ನಲವತ್ತು ಮೂವತ್ತು ಎಪ್ಪತ್ತು, ಏಳು ಎಂಟು ಹದಿನೈದು, ಎಂಬತ್ತೈದು.’ ಈ ಮಾತನ್ನು ಹಾಗೆಯೇ ಹಲಗೆಯ ಮೇಲೆ 70, 15, 85 ಎಂದು ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲೇ ರೂಢಿಯ ಕ್ರಮದಲ್ಲಿ ಅದೇ ಲೆಕ್ಕವನ್ನು ಮಾಡಿ, ಹತ್ತರ ಸ್ಥಾನದ ನೆತ್ತಿಯ ಮೇಲೆ ಕೂರುವ ಪುಟ್ಟ 1 ಆ ಹದಿನೈದರ ಹತ್ತೇ ಎಂದು ಬೆರಳಿಟ್ಟು ತೋರಿಸಿ. ಬಾಯಿ ಎಡದಿಂದ ಹೊರಡುತ್ತದೆ, ಕೈ ಬಲದಿಂದ ಹೊರಡುತ್ತದೆ ಎಂಬುದನ್ನೂ ಬಿಚ್ಚಿ ಹೇಳಿ. ಹೇಳದಿದ್ದರೆ ಇವೆರಡೂ ಬೇರೆ ಬೇರೆ ಲೆಕ್ಕಗಳೆಂದು ಮಗು ಭಾವಿಸಬಹುದು.

ಕಳೆಯುವಾಗ ‘ಪಕ್ಕದ ಮನೆಯಿಂದ ಸಾಲ ತಾ’ ಎಂಬ ಹಳೆಯ ಮಾತು ನನಗೆ ಹಿಡಿಸದು. ತಂದ ಸಾಲವನ್ನು ಇಲ್ಲಿ ಯಾರೂ ತೀರಿಸುವುದಿಲ್ಲ. ಅದರ ಬದಲು ಚಿಲ್ಲರೆ ಮಾಡಿಸಿ. ನಾಲ್ಕು ನೂರರ ನೋಟುಗಳಲ್ಲಿ ಒಂದನ್ನು ಹತ್ತು ಹತ್ತರ ನೋಟುಗಳಾಗಿ, ಅವುಗಳಲ್ಲಿ ಒಂದನ್ನು ಹತ್ತು ಬಿಡಿ ನಾಣ್ಯಗಳಾಗಿ ಬದಲಿಸಿದರೆ 402 ಎಂಬುದು 300, 90, 12 ಆಗಿ ಮೇಜಿನ ಮೇಲೆ ಹರಡಿಕೊಳ್ಳುತ್ತದೆ. 12ರಲ್ಲಿ 5 ಹೋದರೆ 7, 90ರಲ್ಲಿ 80 ಹೋದರೆ 10, 300ರಲ್ಲಿ 100 ಹೋದರೆ 200. ಸೊನ್ನೆಯ ಮೇಲೆ 9 ಏಕೆ ಬಂತೆಂದು ಆಮೇಲೆ ವಿವರಿಸಬೇಕಾಗಿಲ್ಲ.

ಪೆನ್ಸಿಲ್ ಹಿಡಿಯುವ ಮೊದಲು ‘ಸುಮಾರು ಎಷ್ಟಾದೀತು?’ ಎಂದು ಕೇಳುವುದನ್ನು ಬಿಡಬೇಡಿ. 400ರಲ್ಲಿ 200 ಹೋದರೆ 200 ಎಂದುಕೊಂಡ ಮಗು 383ನ್ನು ಕಂಡು ತಾನೇ ತಡೆದು ನಿಲ್ಲುತ್ತದೆ.

ಗುಣಾಕಾರಕ್ಕೂ ಇದೇ ದಾರಿ: 23ನ್ನು 6ರಿಂದ ಗುಣಿಸುವಾಗ 120, 18, ಒಟ್ಟು 138. ಮಗ್ಗಿ ಬಾಯಿಪಾಠವಾಗಿರಲಿ, ಆದರೆ ಗಡಿಯಾರ ಹಿಡಿದು ಅವಸರಪಡಿಸುವುದು ಬೇಡ. 4867ಕ್ಕೆ 2958 ಕೂಡಿಸುವಂಥ ಲೆಕ್ಕ ಬಂದಾಗ ಬಾಯಿಗೆ ಬಿಡುವು ಕೊಟ್ಟು, ಕಾಗದವನ್ನು ಮುಂದಿಡಿ.