ಬೇಸಿಕ್ ಫುಡ್ ಸಿಗುತ್ತಿದೆಯಾ? ಕ್ಲಾಸಿಗೆ ಸೇರುವ ಮೊದಲು ವರ್ಕ್‌ಫೋರ್ಸ್ ಆಫೀಸಿಗೆ ಬನ್ನಿ

ಅಮೆರಿಕದ ಸ್ನ್ಯಾಪ್ ಆಹಾರ ನೆರವಿಗೆ ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಬೇಸಿಕ್ ಫುಡ್ ಅನ್ನುತ್ತಾರೆ. ತಿಂಗಳಿಗೊಮ್ಮೆ ಇಬಿಟಿ ಕಾರ್ಡಿಗೆ ದುಡ್ಡು ಬೀಳುತ್ತದೆ, ಅಂಗಡಿಯಲ್ಲಿ ಉಜ್ಜಿ ದಿನಸಿ ತರುತ್ತೀರಿ. ಇಷ್ಟು ಎಲ್ಲರಿಗೂ ಗೊತ್ತು. ಆ ಕಾರ್ಡು ಇರುವವರಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಕೆಲಸ ಕಲಿಯಲು ನೆರವು ಸಿಗುತ್ತದೆ ಅನ್ನುವುದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದರ ಹೆಸರು ಬೇಸಿಕ್ ಫುಡ್ ಎಂಪ್ಲಾಯ್ಮೆಂಟ್ ಅಂಡ್ ಟ್ರೈನಿಂಗ್, ಚಿಕ್ಕದಾಗಿ ಬಿಎಫ್‌ಇಟಿ. 2005ರಲ್ಲಿ ಸೌತ್ ಸಿಯಾಟಲ್ ಕಾಲೇಜು ಮತ್ತು ಕೆಲವು ಸಂಸ್ಥೆಗಳಲ್ಲಿ ಸಣ್ಣದಾಗಿ ಶುರುವಾದದ್ದು, ಈಗ ರಾಜ್ಯದ 34 ಕಮ್ಯುನಿಟಿ ಮತ್ತು ಟೆಕ್ನಿಕಲ್ ಕಾಲೇಜುಗಳಲ್ಲೂ ಇದೆ.

ನಾನು ಹಾಸನದ ಕಡೆಯವಳು. ಈಗ ಇರುವುದು ಕೆಂಟ್‌ನಲ್ಲಿ, ಸಿಯಾಟಲ್‌ನ ದಕ್ಷಿಣಕ್ಕೆ. ಒಂದು ಕಾಲೇಜಿನ ವರ್ಕ್‌ಫೋರ್ಸ್ ಆಫೀಸಿನಲ್ಲಿ, ಅಂದರೆ ಕೆಲಸ ಕಲಿಯಲು ಬರುವವರಿಗೆ ನೆರವು ಹೊಂದಿಸಿಕೊಡುವ ವಿಭಾಗದಲ್ಲಿ, ಕೆಲಸ. ನನ್ನ ಮೇಜಿನ ಮುಂದೆ ಸೊಮಾಲಿಯಾದವರು, ಉಕ್ರೇನಿನವರು, ಪಂಜಾಬಿನವರು ಬಂದು ಕೂರುತ್ತಾರೆ. ಕನ್ನಡದವರು ತುಂಬಾ ಕಡಿಮೆ. ಕಷ್ಟ ಇಲ್ಲದೆ ಅಲ್ಲ. ಗಂಡನ ಕೆಲಸ ಹೋದ ಮನೆಗಳು ಇವೆ, ಗಂಡ ತೀರಿಕೊಂಡ ಮನೆಗಳು ಇವೆ, ಬೇರೆಯಾಗಿ ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ಹೆಣ್ಣುಮಕ್ಕಳಿದ್ದಾರೆ. ದೇವಸ್ಥಾನದಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ, ‘ಅಕ್ಕಾ, ಅದನ್ನ ತಗೊಂಡ್ರೆ ಏನೂ ತೊಂದರೆ ಆಗಲ್ವಾ?’ ಅವರಿಗೆ ನಿಂತಲ್ಲೇ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಮೊದಲು ಬೇಸಿಕ್ ಫುಡ್. ಆಮೇಲೆ ಕಾಲೇಜಿನ ವರ್ಕ್‌ಫೋರ್ಸ್ ಆಫೀಸು. ಆಮೇಲೆ ಕ್ಲಾಸು. ಇದನ್ನು ತಿರುಗಾಮುರುಗಾ ಮಾಡಿದರೆ ಊಟದ ದುಡ್ಡಿಗೇ ಕುತ್ತು ಬರಬಹುದು. ಯಾಕೆಂದರೆ 18ರಿಂದ 49 ವಯಸ್ಸಿನವರು ಅರ್ಧ ಹೊತ್ತಿನ ಅಥವಾ ಅದಕ್ಕಿಂತ ಜಾಸ್ತಿ ಕಾಲೇಜು ಓದು ಹಿಡಿದರೆ ಅವರಿಗೆ ಸ್ನ್ಯಾಪ್ ಇಲ್ಲ ಅನ್ನುವ ಫೆಡರಲ್ ನಿಯಮ ಇದೆ. ನಮ್ಮ ಕಾಲೇಜುಗಳಲ್ಲಿ ಅರ್ಧ ಹೊತ್ತು ಅಂದರೆ ಒಂದು ಕ್ವಾರ್ಟರಿಗೆ, ಅಂದರೆ ಸುಮಾರು ಮೂರು ತಿಂಗಳ ಓದಿನ ಅವಧಿಗೆ, ಸಾಮಾನ್ಯವಾಗಿ 6 ಕ್ರೆಡಿಟ್. ಈ ನಿಯಮಕ್ಕೆ ವಿನಾಯಿತಿಗಳಿವೆ. ವಾರಕ್ಕೆ 20 ಗಂಟೆ ಸಂಬಳದ ಕೆಲಸ ಮಾಡುತ್ತಿದ್ದರೆ, ಆರು ವರ್ಷದ ಒಳಗಿನ ಮಗುವನ್ನು ನೋಡಿಕೊಳ್ಳುತ್ತಿದ್ದರೆ, ಹನ್ನೆರಡು ವರ್ಷದ ಒಳಗಿನ ಮಗುವಿದ್ದು ಒಬ್ಬರೇ ಸಾಕುತ್ತಾ ಪೂರ್ತಿ ಹೊತ್ತು ಓದುತ್ತಿದ್ದರೆ ನೆರವು ನಿಲ್ಲುವುದಿಲ್ಲ. ಬಿಎಫ್‌ಇಟಿ ಮೂಲಕ ಓದುವುದೂ ಅಂಥದೇ ಒಂದು ವಿನಾಯಿತಿ. ಅಂದರೆ ಅದೇ ಕಾಲೇಜು, ಅದೇ ಕ್ಲಾಸು, ಆದರೆ ನಮ್ಮ ಆಫೀಸಿನ ಮೂಲಕ ಬಂದರೆ ನೆರವು ಉಳಿಯುತ್ತದೆ, ಸುಮ್ನೆ ಆನ್‌ಲೈನಿನಲ್ಲಿ ಸೇರಿಕೊಂಡರೆ ಹೋಗಬಹುದು. ಎಷ್ಟೋ ಜನ ಈ ಒಂದು ವಿಷಯ ಗೊತ್ತಿಲ್ಲದೆ ಓದು ಬಿಡುತ್ತಾರೆ. ಅದು ನನಗೆ ತುಂಬಾ ಸಂಕಟದ ವಿಷಯ.

ಈಗ ಯಾರಿಗೆ ಸಿಗುತ್ತದೆ ನೋಡೋಣ. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿ ಇರುವವರಿಗೆ ಸ್ನ್ಯಾಪ್ ಇಲ್ಲ. ಅಮೆರಿಕದಲ್ಲಿ ಹುಟ್ಟಿದ ಮಗುವಿನ ಹೆಸರಲ್ಲಿ ಮಾತ್ರ ಬರುತ್ತಿದ್ದರೆ ಅದು ಮಗುವಿನದು, ಅದರ ಮೇಲೆ ತಾಯಿ ಬಿಎಫ್‌ಇಟಿಗೆ ಬರಲು ಆಗುವುದಿಲ್ಲ. ಪೌರತ್ವ ಇರುವವರಿಗೆ ವಲಸೆಯ ಅಡ್ಡಿ ಇಲ್ಲ. ಗ್ರೀನ್ ಕಾರ್ಡ್ ಇರುವ ದೊಡ್ಡವರು ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಆದರೆ ಇಲ್ಲಿ ಒಂದು ದಾರಿ ಇದೆ, ನಮ್ಮ ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಓದಬೇಕು. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಲೆಕ್ಕದಲ್ಲಿ 40 ಕ್ವಾರ್ಟರ್ (ಇಲ್ಲಿ ಕ್ವಾರ್ಟರ್ ಅಂದರೆ ವರ್ಷದ ಕಾಲುಭಾಗ, ಒಟ್ಟು ಸುಮಾರು ಹತ್ತು ವರ್ಷ) ದುಡಿಮೆ ಇದ್ದರೆ ಆ 5 ವರ್ಷ ಕಾಯಬೇಕಿಲ್ಲ. ಆ ನಲವತ್ತರಲ್ಲಿ ಮದುವೆಯಾದ ಮೇಲೆ ಗಂಡ ದುಡಿದ ಕ್ವಾರ್ಟರ್‌ಗಳನ್ನೂ ಸೇರಿಸಬಹುದು. ಗಂಡ ತೀರಿಕೊಂಡಿದ್ದರೂ ಅವು ಲೆಕ್ಕಕ್ಕೆ ಬರುತ್ತವೆ. ವಿಚ್ಛೇದನ ಆದಮೇಲೆ ಹೊಸದಾಗಿ ಅರ್ಜಿ ಹಾಕಿದರೆ ಬರುವುದಿಲ್ಲ. ಗಂಡ ಇಲ್ಲಿ ಹತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಹಠಾತ್ತಾಗಿ ತೀರಿಹೋದ ಮನೆಯಲ್ಲಿ, ಹೆಂಡತಿಗೆ ಗ್ರೀನ್ ಕಾರ್ಡ್ ಬಂದು ಎರಡೇ ವರ್ಷ ಆಗಿದ್ದರೂ, ಈ ಲೆಕ್ಕದಲ್ಲಿ ಬಾಗಿಲು ತೆಗೆಯಬಹುದು. ಆಫೀಸಿನವರು ತಾವಾಗಿ ಕೇಳದಿದ್ದರೆ ನೀವೇ ಬಾಯಿಬಿಟ್ಟು ‘ನನ್ನ ಗಂಡನ ಕ್ವಾರ್ಟರ್‌ಗಳನ್ನೂ ನೋಡಿ’ ಅನ್ನಿ.

ಇನ್ನೂ 5 ವರ್ಷ ಆಗಿಲ್ಲದವರಿಗೆ ವಾಷಿಂಗ್ಟನ್ ತನ್ನ ಸ್ವಂತ ದುಡ್ಡಿನಲ್ಲಿ ಆಹಾರ ನೆರವು ಕೊಡುತ್ತದೆ, ಅದಕ್ಕೆ ಎಫ್‌ಎಪಿ ಎಂದು ಹೆಸರು. ಕಾರ್ಡು ಒಂದೇ ಥರ ಇರುವುದರಿಂದ ಗೊತ್ತಾಗುವುದಿಲ್ಲ. ಆದರೆ ಬಿಎಫ್‌ಇಟಿಗೆ ಫೆಡರಲ್ ದುಡ್ಡಿನ ನೆರವೇ ಆಗಬೇಕು. ಮಕ್ಕಳಿರುವ ಮನೆಗೆ ಟ್ಯಾನಿಫ್ ಎಂಬ ನಗದು ನೆರವು ಬರುತ್ತಿದ್ದರೂ ಬಿಎಫ್‌ಇಟಿ ಇಲ್ಲ, ಅವರಿಗೆ ವರ್ಕ್‌ಫಸ್ಟ್ ಅಂತ ಬೇರೆ ಇದೆ. ಕಾಲೇಜಿನಲ್ಲಿ ಅದನ್ನೂ ವರ್ಕ್‌ಫೋರ್ಸ್ ಆಫೀಸಿನಲ್ಲೇ ವಿಚಾರಿಸಿ.

ಪೌರತ್ವದ ಅರ್ಜಿಗೆ ಇದು ಅಡ್ಡಿಯಾಗುತ್ತದಾ ಎಂದು ಬಹಳ ಜನ ಹೆದರುತ್ತಾರೆ. ಗ್ರೀನ್ ಕಾರ್ಡಿನಿಂದ ಪೌರತ್ವಕ್ಕೆ ಹೋಗುವಾಗ ಪಬ್ಲಿಕ್ ಚಾರ್ಜ್ ಎಂಬ ಪರೀಕ್ಷೆ, ಅಂದರೆ ನೀವು ಸರ್ಕಾರದ ನೆರವಿನ ಮೇಲೆಯೇ ಬದುಕುವವರಾ ಎಂದು ನೋಡುವುದು, ಇಲ್ಲ. ಗ್ರೀನ್ ಕಾರ್ಡೇ ಇನ್ನೂ ಬರಬೇಕಾದವರು ಮಾತ್ರ ಮನೆಯಲ್ಲಿ ಯಾರ ಹೆಸರಲ್ಲೇ ಅರ್ಜಿ ಹಾಕುವ ಮೊದಲೂ ವಲಸೆ ವಕೀಲರ ಹತ್ತಿರ ಕೇಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ.

ಅರ್ಜಿಯನ್ನು ವಾಷಿಂಗ್ಟನ್ ಕನೆಕ್ಷನ್ ಎಂಬ ರಾಜ್ಯದ ವೆಬ್‌ಸೈಟಿನಲ್ಲಿ ಹಾಕಬಹುದು, ಈ ನೆರವನ್ನು ನೋಡಿಕೊಳ್ಳುವ ರಾಜ್ಯದ ಇಲಾಖೆಯಾದ ಡಿಎಸ್‌ಎಚ್‌ಎಸ್ ಆಫೀಸಿಗೆ ಹೋಗಿಯೂ ಹಾಕಬಹುದು. ಆಮೇಲೆ ಒಂದು ಸಂದರ್ಶನ, ಹೆಚ್ಚಾಗಿ ಫೋನಿನಲ್ಲೇ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಎನ್ನಿ, ದುಡ್ಡು ಕೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಫೆಡರಲ್ ಬಡತನ ರೇಖೆಯ ಎರಡರಷ್ಟು ಆದಾಯ ಇರುವವರೂ ಅರ್ಜಿ ಹಾಕಬಹುದು. ಕಾರಿದೆ, ಬ್ಯಾಂಕಿನಲ್ಲಿ ಸ್ವಲ್ಪ ಉಳಿತಾಯ ಇದೆ ಎಂದು ಹೆಚ್ಚಿನ ಮನೆಗಳವರು ಹಿಂಜರಿಯಬೇಕಾಗಿಲ್ಲ. ಕಾರ್ಡು ಬಂದಮೇಲೆ ಸ್ನ್ಯಾಪ್ ತೆಗೆದುಕೊಳ್ಳುವ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ, ರಾಗಿಹಿಟ್ಟು, ದೋಸೆಹಿಟ್ಟಿನ ಡಬ್ಬಿ ಎಲ್ಲ ತರಬಹುದು. ಬಿಸಿ ದೋಸೆಗೆ ಮಾತ್ರ ಆಗುವುದಿಲ್ಲ.

ನೆರವು ಮಂಜೂರಾದ ಕೂಡಲೇ ಮನೆಗೆ ಹತ್ತಿರದ ಕಾಲೇಜಿನ ವರ್ಕ್‌ಫೋರ್ಸ್ ಆಫೀಸಿಗೆ ಬನ್ನಿ. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ‘ಸ್ಟಾರ್ಟ್ ನೆಕ್ಸ್ಟ್ ಕ್ವಾರ್ಟರ್’ ಎಂಬ ವೆಬ್‌ಸೈಟಿನಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ತುಂಬಿ, ನಿಮಗೆ ಹೊಂದುವ ನೆರವು ಯಾವುದು ಎಂದು ಅದು ತೋರಿಸುತ್ತದೆ. ಫೋಟೋ ಇರುವ ಗುರುತಿನ ಚೀಟಿ, ಡಿಎಸ್‌ಎಚ್‌ಎಸ್ ಕಳಿಸಿದ ಮಂಜೂರಾತಿ ಪತ್ರ, ಆ ಪತ್ರದಲ್ಲಿರುವ ಕ್ಲೈಂಟ್ ನಂಬರ್ ಇದ್ದರೆ ಸಾಕು. ನಾವು ಕಂಪ್ಯೂಟರಿನಲ್ಲಿ ನೋಡಿ ನೀವು ಅರ್ಹರಾ ಅನ್ನುವುದನ್ನು ಹೇಳುತ್ತೇವೆ. ಕ್ವಾರ್ಟರ್ ಶುರುವಾಗುವ ವಾರ ಬಂದರೆ ಸಾಲು ಉದ್ದ ಇರುತ್ತದೆ, ದುಡ್ಡೂ ಖಾಲಿಯಾಗಿರಬಹುದು. ಸೆಪ್ಟೆಂಬರಿನ ಕ್ಲಾಸಿಗೆ ಬೇಸಿಗೆಯಲ್ಲೇ, ಜನವರಿಯ ಕ್ಲಾಸಿಗೆ ದೀಪಾವಳಿ ಹೊತ್ತಿಗೇ ಬನ್ನಿ.

ಮೊದಲ ಭೇಟಿಯಲ್ಲಿ ಸಂಕೋಚ ಬೇಡ. ‘ಏನೋ ಒಂದು ಕೆಲಸ ಸಿಕ್ಕರೆ ಸಾಕು’ ಅನ್ನಬೇಡಿ. ಬಾಡಿಗೆ ಎಷ್ಟು, ಮಗು ಯಾವ ಹೊತ್ತಿಗೆ ಸ್ಕೂಲಿನಿಂದ ಬರುತ್ತದೆ, ರಾತ್ರಿ ಪಾಳಿ ಆಗುತ್ತದಾ, ಡ್ರೈವಿಂಗ್ ಬರುತ್ತದಾ, ಎಲ್ಲ ಹೇಳಿ. ನಿಮ್ಮ ಜೊತೆ ಕೂತು ಒಂದು ಯೋಜನೆ ಬರೆಯುವುದು ನಮ್ಮ ಕೆಲಸ, ನೀವು ಹೇಳದೆ ಬಿಟ್ಟದ್ದು ಅದರಲ್ಲಿ ಬರುವುದಿಲ್ಲ. ಏನೇನು ಸಿಗುತ್ತದೆ ಎಂದು ನೇರವಾಗಿ ಕೇಳಿ. ಫೀಸು, ಪುಸ್ತಕ, ಬಸ್ಸಿನ ಓರ್ಕಾ ಕಾರ್ಡು, ಪೆಟ್ರೋಲು, ಯೂನಿಫಾರಂ, ಪರೀಕ್ಷೆಯ ಫೀಸು ಇವಕ್ಕೆಲ್ಲ ನೆರವು ಉಂಟು, ಆದರೆ ಪ್ರತಿ ಕಾಲೇಜಿನಲ್ಲೂ ಎಲ್ಲವೂ ಇರುವುದಿಲ್ಲ. ಕಾಲೇಜು ತನ್ನ ಕಡೆಯಿಂದ ಖರ್ಚು ಮಾಡಿದರೆ ಅರ್ಧವನ್ನು ಫೆಡರಲ್ ಸರ್ಕಾರ ಹಿಂದಿರುಗಿಸುತ್ತದೆ, ವ್ಯವಸ್ಥೆ ನಡೆಯುವುದೇ ಹಾಗೆ. ಆದ್ದರಿಂದ ಒಂದು ಕಾಲೇಜಿನಲ್ಲಿ ಆಗಲಿಲ್ಲ ಎಂದರೆ ಪಕ್ಕದ ಕಾಲೇಜಿನಲ್ಲಿ ಕೇಳಿ. ಇದು ಸಾಲ ಅಲ್ಲ. ಜೊತೆಗೆ ಫಾಫ್ಸಾ, ಅಂದರೆ ಓದಿಗೆ ಫೆಡರಲ್ ಸರ್ಕಾರದ ನೆರವು ಕೇಳುವ ಅರ್ಜಿಯನ್ನೂ ತುಂಬಿ. ಆದರೆ ಊರಿನಲ್ಲಿ ಬಿ.ಎ., ಬಿ.ಕಾಂ., ಬಿ.ಇ. ಮುಗಿಸಿದ್ದರೆ ಪೆಲ್ ಗ್ರ್ಯಾಂಟ್ ಎಂಬ ಫೆಡರಲ್ ಸಹಾಯಧನ ಸಾಮಾನ್ಯವಾಗಿ ಸಿಗುವುದಿಲ್ಲ, ಅದು ಹೆಚ್ಚಾಗಿ ಮೊದಲ ಡಿಗ್ರಿ ಇಲ್ಲದವರಿಗೆ. ಡಿಗ್ರಿ ಇರುವುದನ್ನು ಮುಚ್ಚಿಡಬೇಡಿ. ಆ ಕಾರಣಕ್ಕೆ ಬಿಎಫ್‌ಇಟಿಯಿಂದ ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ.

ಯಾವ ಕೋರ್ಸು? ಇದರಲ್ಲಿ ನನ್ನದೇ ಅಭಿಪ್ರಾಯ ಇದೆ. ನಮ್ಮವರು ಬಂದ ಕೂಡಲೇ ‘ಐಟಿ ಏನಾದರೂ’ ಅನ್ನುತ್ತಾರೆ. ಮನಸ್ಸಿದ್ದರೆ ಮಾಡಿ. ಆದರೆ ಮೆಡಿಕಲ್ ಅಸಿಸ್ಟೆಂಟ್, ಫ್ಲಿಬಾಟಮಿ, ಅಂದರೆ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ, ನರ್ಸಿಂಗ್ ಅಸಿಸ್ಟೆಂಟ್, ಬುಕ್‌ಕೀಪಿಂಗ್, ಚಿಕ್ಕ ಮಕ್ಕಳ ಶಿಕ್ಷಣ ಇವನ್ನೂ ಒಂದು ಸಲ ನೋಡಿ. ಊರಿನಲ್ಲಿ ಬಿ.ಕಾಂ. ಮಾಡಿ ಹದಿನೈದು ವರ್ಷ ಮನೆಯಲ್ಲೇ ಇದ್ದ ಒಬ್ಬ ಅಕ್ಕನಿಗೆ ಬುಕ್‌ಕೀಪಿಂಗ್ ಹೇಳಿದೆ. ಡೆಬಿಟ್, ಕ್ರೆಡಿಟ್ ಅವರಿಗೆ ಹೊಸದೇ ಅಲ್ಲ, ಇಲ್ಲಿನ ಸಾಫ್ಟ್‌ವೇರು ಮತ್ತು ತೆರಿಗೆಯ ಪದ್ಧತಿ ಕಲಿತರೆ ಆಯಿತು. ಮೊದಲ ತಿಂಗಳ ಕೊನೆಗೆ ಕ್ಲಾಸಿನ ಬೇರೆಯವರಿಗೆ ಅವರೇ ಹೇಳಿಕೊಡುತ್ತಿದ್ದರು. ಕೋರ್ಸು ಆರಿಸುವ ಮೊದಲು ಆ ವಿಭಾಗದ ಮೇಷ್ಟ್ರನ್ನು ಕೇಳಿ: ಕಳೆದ ವರ್ಷ ಮುಗಿಸಿದವರು ಎಲ್ಲಿ ಕೆಲಸಕ್ಕೆ ಸೇರಿದರು, ಗಂಟೆಗೆ ಎಷ್ಟು ಸಂಬಳ, ಲೈಸೆನ್ಸ್ ಬೇಕಾ?

ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಡಿ. ಇಲ್ಲಿ ಐ-ಬೆಸ್ಟ್ ಎಂಬ ಕ್ಲಾಸುಗಳಿವೆ. 2004ರ ಸುಮಾರಿಗೆ ಈ ರಾಜ್ಯದಲ್ಲೇ ಶುರುವಾದ ಪದ್ಧತಿ. ಒಂದೇ ಕ್ಲಾಸಿನಲ್ಲಿ ಇಬ್ಬರು ಶಿಕ್ಷಕರು. ಒಬ್ಬರು ಕೆಲಸ ಕಲಿಸುತ್ತಾರೆ, ಇನ್ನೊಬ್ಬರು ಆ ಕೆಲಸಕ್ಕೆ ಬೇಕಾದ ಇಂಗ್ಲಿಷ್, ಲೆಕ್ಕ ಕಲಿಸುತ್ತಾರೆ. ಮೊದಲು ಎರಡು ವರ್ಷ ಇಂಗ್ಲಿಷ್, ಆಮೇಲೆ ಕೆಲಸದ ಮಾತು ಎಂದು ಕಾಯಬೇಕಿಲ್ಲ. ನಾನು ಕಂಡ ಹಾಗೆ ಮನೆಯಿಂದ ಹೊರಗೆ ಮಾತಾಡಿ ಅಭ್ಯಾಸ ಇಲ್ಲದವರು ಬೇಗ ಚಿಗುರುವುದು ಇಂಥ ಕ್ಲಾಸಿನಲ್ಲೇ.

2025ರ ಜುಲೈನಲ್ಲಿ ಬಂದ ಫೆಡರಲ್ ಕಾನೂನಿನಿಂದ ಈ ತರಬೇತಿಗೆ ಇನ್ನೊಂದು ಮಹತ್ವ ಬಂದಿದೆ. ಸ್ನ್ಯಾಪ್ ಪಡೆಯುವವರು ಕೆಲಸ ಅಥವಾ ತರಬೇತಿ ಮಾಡಬೇಕು ಅನ್ನುವ ಷರತ್ತು ಮೊದಲು 54 ವಯಸ್ಸಿನವರೆಗೆ ಇತ್ತು, ಈಗ 64ರವರೆಗೆ. ಮನೆಯಲ್ಲಿ 14ರೊಳಗಿನ ಮಗು ಇದ್ದರೆ ವಿನಾಯಿತಿ, ಮಗು ಅದನ್ನು ದಾಟಿದರೆ ಇಲ್ಲ. ಈ ಷರತ್ತಿಗೆ ಒಳಪಟ್ಟವರು ತಿಂಗಳಿಗೆ 80 ಗಂಟೆ ಕೆಲಸವನ್ನೋ ತರಬೇತಿಯನ್ನೋ ತೋರಿಸದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ನೆರವು. ಬಿಎಫ್‌ಇಟಿ ಗಂಟೆಗಳು ಇದಕ್ಕೆ ಲೆಕ್ಕಕ್ಕೆ ಬರುತ್ತವೆ. ಹೈಸ್ಕೂಲು ಮಕ್ಕಳಿರುವ ತಾಯಂದಿರು, ಐವತ್ತೈದು ದಾಟಿದವರು ‘ನಮಗೆ ಅನ್ವಯಿಸಲ್ಲ’ ಎಂದು ಕೂರಬೇಡಿ. ಕಾಯಿಲೆ ಇದ್ದರೆ ಡಾಕ್ಟರ ಪತ್ರ ಕೊಟ್ಟು ವಿನಾಯಿತಿ ಕೇಳಿ.

ಸೇರಿದ ಮೇಲೆ ಪ್ರತಿ ತಿಂಗಳೂ ನಮ್ಮಂಥವರು ಫೋನು ಮಾಡುತ್ತೇವೆ, ಇಮೇಲ್ ಹಾಕುತ್ತೇವೆ. ದಯವಿಟ್ಟು ಉತ್ತರ ಕೊಡಿ, ಓದು ಹೇಗೆ ಸಾಗಿದೆ ಎಂದು ನಾವು ದಾಖಲೆ ಬರೆಯಲೇಬೇಕು. ಡಿಎಸ್‌ಎಚ್‌ಎಸ್‌ನಿಂದ ಬರುವ ಲಕೋಟೆಗಳನ್ನು ಅವತ್ತೇ ಒಡೆಯಿರಿ. ಆರು ತಿಂಗಳಿಗೊಮ್ಮೆ ಮಧ್ಯಂತರ ಪರಿಶೀಲನೆ, ವರ್ಷಕ್ಕೊಮ್ಮೆ ನವೀಕರಣ. ಆ ಫಾರಂ ತಪ್ಪಿದರೆ ಬೇಸಿಕ್ ಫುಡ್ ನಿಲ್ಲುತ್ತದೆ, ಅದು ನಿಂತರೆ ಬಿಎಫ್‌ಇಟಿಯೂ ನಿಲ್ಲುತ್ತದೆ. ಮನೆ ಬದಲಾಯಿಸಿದರೆ ವಿಳಾಸವನ್ನು ಮೊದಲು ಅಲ್ಲಿಗೆ ತಿಳಿಸಿ. ಕ್ಲಾಸು ಬಿಡಬೇಕು ಅನ್ನಿಸಿದರೆ ಬಿಡುವ ಮೊದಲು ಮಾತಾಡಿ. ಮಗುವಿಗೆ ಹುಷಾರಿಲ್ಲ, ಕಾರು ಕೆಟ್ಟಿದೆ, ಇಂಥವಕ್ಕೆ ಏನಾದರೂ ದಾರಿ ಇರುತ್ತದೆ.

ಕೆಲಸ ಸಿಕ್ಕ ದಿನವೂ ನಮಗೆ ಹೇಳಿ. ಕೆಲಸಕ್ಕೆ ಸೇರಿದ ಮೇಲೂ 90 ದಿನದವರೆಗೆ ನೆರವು ಕೊಡಲು ಅವಕಾಶ ಇದೆ. ಆಸ್ಪತ್ರೆಗೆ ಬೇಕಾದ ಶೂ, ಸ್ಕ್ರಬ್ಸ್ ಎಂಬ ಉಡುಪು, ಮೊದಲ ಸಂಬಳ ಬರುವವರೆಗೆ ಬಸ್ಸಿನ ದುಡ್ಡು, ಇವನ್ನು ಕೇಳಿ ಪಡೆಯಿರಿ. ಮೊದಲ ಸಂಬಳದ ಚೀಟಿ ಕೈಗೆ ಬಂದಾಗ ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಡಿಎಸ್‌ಎಚ್‌ಎಸ್‌ಗೆ ಆದಾಯ ತಿಳಿಸುವಾಗ ಅದನ್ನೇ ಕೇಳುತ್ತಾರೆ.