ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ತಗೋಬೇಕಾ, ಕ್ಲೌಡ್‌ಗೆ ದುಡ್ಡು ಕಟ್ಬೇಕಾ?

ಅಕ್ಕನ ಮದುವೆ ವಿಡಿಯೋ ಇದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ್ದಾಗಲೇ ಮಗು ಕಾಲು ವೈರಿಗೆ ತಗುಲಿ ಮೇಜಿಂದ ಕೆಳಗೆ ಬಿತ್ತು. ಎತ್ತಿ ಮತ್ತೆ ಹಾಕಿದ್ರೆ ಟಕ್ ಟಕ್ ಅನ್ನೋ ಸದ್ದು ಮಾತ್ರ. ಒಳಗಡೆ ತಟ್ಟೆ ಜೋರಾಗಿ ತಿರುಗ್ತಿರತ್ತೆ, ಕೂದಲೆಳೆಗಿಂತ ಕಮ್ಮಿ ಅಂತರದಲ್ಲಿ ಅದನ್ನ ಓದೋ ಹೆಡ್ ಓಡಾಡ್ತಿರತ್ತೆ, ಅಂಥ ಹೊತ್ತಲ್ಲಿ ಬಿದ್ರೆ ಹೆಡ್ ಹೋಗಿ ತಟ್ಟೆಗೇ ಉಜ್ಜತ್ತೆ. ಆ ಸದ್ದು ಬಂತು ಅಂದ್ರೆ ಮತ್ತೆ ಮತ್ತೆ ಹಾಕಿ ನೋಡ್ಬೇಡಿ, ಗೀರು ಇನ್ನೂ ಜಾಸ್ತಿ ಆಗತ್ತೆ. ಆ ವಿಡಿಯೋ ಬೇರೆಲ್ಲೂ ಇರಲಿಲ್ಲ, ಇವತ್ತಿಗೂ ಸಿಕ್ಕಿಲ್ಲ.

ಅದಕ್ಕೇ ಮೊದಲು ಫೈಲುಗಳನ್ನ ಎರಡು ಗುಂಪು ಮಾಡ್ಕೊಳ್ಳಿ. ಸಿನಿಮಾ, ಸಾಫ್ಟ್‌ವೇರ್ ಸೆಟಪ್ ಇವೆಲ್ಲ ಮತ್ತೆ ಸಿಗತ್ತೆ, ಬಿಡಿ. ಫೋಟೋ, ಮನೆಪತ್ರದ ಸ್ಕ್ಯಾನ್, ಮಾರ್ಕ್ಸ್ ಕಾರ್ಡ್, ನಿಮ್ಮ ಕೆಲಸದ ಫೈಲು ಇವು ಹೋದ್ರೆ ಹೋದವೇ. ಈ ಗುಂಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸಲ್ಲಿ ಎಷ್ಟು ಜಿಬಿ ಇದೆ ನೋಡಿ, ಅರ್ಧ ತೀರ್ಮಾನ ಅಲ್ಲೇ ಆಗೋಗತ್ತೆ.

ಹತ್ತು ಜಿಬಿ ಒಳಗಿದ್ರೆ ಕ್ಲೌಡೇ, ಅಂದ್ರೆ ಇಂಟರ್ನೆಟ್ಟಲ್ಲಿ ಫೈಲ್ ಇಡೋ ಜಾಗವೇ ಸುಲಭ. ಗೂಗಲ್ 15 ಜಿಬಿ ಫ್ರೀ ಕೊಡತ್ತೆ, ಆದ್ರೆ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ, 2021ರ ಜೂನ್‌ನಿಂದ ಹಾಕೋ ಫೋಟೋ ಎಲ್ಲ ಇದರಲ್ಲೇ ಲೆಕ್ಕ, ತುಂಬಿ ಹೋದ್ರೆ ಮೇಲ್ ಬರೋದೂ ನಿಲ್ಲಬಹುದು. ನಾನು 100 ಜಿಬಿಗೆ ವರ್ಷಕ್ಕೆ 1300 ರೂಪಾಯಿ ಕಟ್ತೀನಿ.

ಐನೂರು ಜಿಬಿ ಇದ್ರೆ ಮಾತೇ ಬೇರೆ. ಡೌನ್‌ಲೋಡ್ ಸ್ಪೀಡ್ ನೋಡಿ ಮೋಸ ಹೋಗ್ಬೇಡಿ, ಅಪ್‌ಲೋಡ್ ಎಷ್ಟು ಬರತ್ತೆ ಅಂತ ಟೆಸ್ಟ್ ಮಾಡಿ. 20 ಎಂಬಿಪಿಎಸ್ ಅಪ್‌ಲೋಡ್ ಇದ್ರೆ 500 ಜಿಬಿ ಹೋಗೋಕೆ ಒಂದು ನಿಮಿಷ ನಿಲ್ಲದೇ ಇದ್ರೂ ಸುಮಾರು 55 ಗಂಟೆ, ಕರೆಂಟು ಹೋಗಿ ಬಂದು ಮಾಡೋ ಕಡೆ ಒಂದು ವಾರ ಅಂತಿಟ್ಕೊಳ್ಳಿ. ಹಾರ್ಡ್ ಡಿಸ್ಕಿಗಾದ್ರೆ ಅದೇ ಕೆಲಸ ಒಂದು ಸಂಜೆಯದು.

ಇನ್ನೊಂದು ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಗೂಗಲ್ ಡ್ರೈವ್, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಮಾಡೋದು ಸಿಂಕ್, ಅಂದ್ರೆ ಲ್ಯಾಪ್‌ಟಾಪಲ್ಲಿ ಇರೋ ಹಾಗೇ ಕ್ಲೌಡಲ್ಲೂ ಇಡೋದು. ಲ್ಯಾಪ್‌ಟಾಪಲ್ಲಿ ಸಿಂಕ್ ಆಗ್ತಿರೋ ಫೋಲ್ಡರ್ ಡಿಲೀಟ್ ಮಾಡಿದ್ರೆ ಅಲ್ಲೂ ಹೋಗತ್ತೆ, ಟ್ರ್ಯಾಶಲ್ಲಿ 30 ದಿನ ಇರತ್ತೆ, ಆಮೇಲೆ ಇಲ್ಲ. ಹಾಗೇ ಫೋನ್ ಕಳೆದುಹೋಗಿ ಒಟಿಪಿ ಬರದೇ ಇದ್ರೆ ನಿಮ್ಮ ಅಕೌಂಟಿಗೆ ನೀವೇ ಹೋಗೋಕಾಗಲ್ಲ, ಸೆಕ್ಯುರಿಟಿ ಸೆಟ್ಟಿಂಗಲ್ಲಿ ಬ್ಯಾಕಪ್ ಕೋಡ್ ಸಿಗತ್ತೆ, ಪ್ರಿಂಟ್ ತೆಗೆದು ಬೀರುವಲ್ಲಿ ಇಡಿ.

ಹಾರ್ಡ್ ಡಿಸ್ಕ್ ತಗೊಳ್ಳೋರು ಲ್ಯಾಪ್‌ಟಾಪ್‌ನ ಎರಡರಷ್ಟು ಜಾಗ ಇರೋದು ತಗೊಳ್ಳಿ. ವಿಂಡೋಸಲ್ಲಿ ಫೈಲ್ ಹಿಸ್ಟರಿ, ಮ್ಯಾಕಲ್ಲಿ ಟೈಮ್ ಮಷೀನ್ ಆನ್ ಮಾಡಿದ್ರೆ ಸಿಕ್ಕಿಸಿದಾಗೆಲ್ಲ ತಾನೇ ಕಾಪಿ ತಗೊಳತ್ತೆ. ಕಾಪಿ ಮುಗಿದ ಮೇಲೆ ಇಜೆಕ್ಟ್ ಕೊಟ್ಟು ತೆಗೆದಿಡಿ, ಯಾವಾಗ್ಲೂ ಸಿಕ್ಕಿಸೇ ಇಟ್ರೆ ರಾನ್ಸಮ್‌ವೇರ್ (ಫೈಲುಗಳನ್ನ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದಾಗ ಅದನ್ನೂ ಲಾಕ್ ಮಾಡಿ ಹಾಕತ್ತೆ. ತಿರುಗೋ ತಟ್ಟೆ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಬಿದ್ರೂ ಅಷ್ಟು ಬೇಗ ಕೆಡಲ್ಲ, ಆದ್ರೆ ವರ್ಷಗಟ್ಲೆ ಕರೆಂಟ್ ಕೊಡದೇ ಎತ್ತಿಡೋಕೆ ನಂಬಿಕಸ್ತ ಅಲ್ಲ. ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಮಾರ್ತಾರಲ್ಲ, ಅದನ್ನ ಮುಟ್ಟಲೇಬೇಡಿ.

ನಾನಂತೂ ಈಗ ಎಲ್ಲಾನೂ ಹಾರ್ಡ್ ಡಿಸ್ಕಿಗೆ ಹಾಕ್ತೀನಿ, ಮತ್ತೆ ಸಿಗದೇ ಇರೋದನ್ನ ಕ್ಲೌಡಿಗೂ ಹಾಕ್ತೀನಿ. ಮನೇಲಿ ಕಳ್ಳತನ ಆದ್ರೆ ಲ್ಯಾಪ್‌ಟಾಪ್ ಡಿಸ್ಕ್ ಎರಡೂ ಒಟ್ಟಿಗೇ ಹೋಗತ್ತೆ ನೋಡಿ. ಕ್ಲೌಡ್ ಬೇಡ ಅನ್ನೋರು ಎರಡನೇ ಡಿಸ್ಕ್ ತಗೊಂಡು ಊರಲ್ಲಿ ಅಪ್ಪ ಅಮ್ಮನ ಮನೇಲಿಡಿ, ಹಬ್ಬಕ್ಕೆ ಹೋದಾಗ ಅಪ್‌ಡೇಟ್ ಮಾಡ್ಕೊಂಡು ಬನ್ನಿ.

ಮೂರು ತಿಂಗಳಿಗೊಂದ್ಸಲ ಬ್ಯಾಕಪ್ಪಿಂದ ಒಂದು ಫೋಲ್ಡರ್ ಬೇರೆ ಕಂಪ್ಯೂಟರಿಗೆ ಹಾಕಿ ತೆಗೆದು ನೋಡಿ, ವಿಡಿಯೋ ಆದ್ರೆ ಮಧ್ಯದವರೆಗೂ ಓಡಿಸಿ. ಓಪನ್ ಆಗ್ಲಿಲ್ಲ ಅಂದ್ರೆ ಅವತ್ತೇ ಹೊಸ ಕಾಪಿ ತಗೊಳ್ಳಿ, ಒರಿಜಿನಲ್ ಇನ್ನೂ ಲ್ಯಾಪ್‌ಟಾಪಲ್ಲಿ ಇರತ್ತಲ್ವಾ.