ಸಮ್ಮೇಳನದ ವಿಡಿಯೋ ಒಂದೊಂದೇ ಇಳಿಸ್ತಾ ಕೂರಬೇಡಿ

ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವಾಗ ವಿಡಿಯೋ ನೋಡುವವರಿಗೆ ಇದು. ಬ್ರಸೆಲ್ಸ್‌ನ ಫಾಸ್ಡೆಮ್ ಎಂಬ ಮುಕ್ತ ತಂತ್ರಾಂಶ ಸಮ್ಮೇಳನದ ನೂರಾರು ಭಾಷಣಗಳ ವಿಡಿಯೋ ಉಚಿತವಾಗಿ ಸಿಗುತ್ತವೆ. ಒಂದೊಂದೇ ಕ್ಲಿಕ್ ಮಾಡಿದರೆ ಮುಗಿಯೋದು ಯಾವಾಗ?

ಬೇಕಾದ ವಿಡಿಯೋಗಳ ಲಿಂಕ್‌ಗಳನ್ನು ಸಾಲಿಗೊಂದರಂತೆ ಟೆಕ್ಸ್ಟ್ ಫೈಲಿಗೆ ಹಾಕಿ. ಲಿನಕ್ಸ್‌ನಲ್ಲಿ ಫೈಲ್ ಇಳಿಸುವ ‘ಡಬ್ಲ್ಯೂಗೆಟ್’ (wget) ಕಮಾಂಡಿಗೆ ‘ಮೈನಸ್ ಐ’ (-i) ಜೊತೆ ಆ ಫೈಲಿನ ಹೆಸರು ಕೊಟ್ಟರೆ ಸಾಕು, ಎಲ್ಲವೂ ಸರದಿಯಲ್ಲಿ ಇಳಿಯುತ್ತವೆ. ‘ಮೈನಸ್ ಸಿ’ (-c) ಮಾತ್ರ ಬಿಡಬೇಡಿ. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ? ಅರ್ಧಕ್ಕೆ ನಿಂತರೂ, ಅದೇ ಕಮಾಂಡ್ ಮತ್ತೆ ಓಡಿಸಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ‘ಲಿಮಿಟ್-ರೇಟ್’ (--limit-rate) ಜೊತೆ ವೇಗದ ಮಿತಿ ಹಾಕಿದರೆ ಮನೆಯವರ ನೆಟ್ ನಿಧಾನವಾಗಲ್ಲ, ಬೈಗುಳವೂ ತಪ್ಪುತ್ತದೆ. ಒಂದು ಫೈಲಿಗೂ ಇನ್ನೊಂದಕ್ಕೂ ನಡುವೆ ಕೆಲವು ಸೆಕೆಂಡ್ ಕಾಯಲು ‘ವೇಟ್’ (--wait) ಕೂಡ ಸೇರಿಸಿ, ಸರ್ವರ್ ಮೇಲೆ ಸುಮ್ನೆ ಹೊರೆ ಬೇಡ.

ದುಡ್ಡು ಕೊಟ್ಟು ನೋಡಬೇಕಾದ ವಿಡಿಯೋಗಳಿಗೆ ಇದನ್ನು ಬಳಸಬೇಡಿ. ಶುರು ಮಾಡೋ ಮೊದಲು ಡಿಸ್ಕಿನಲ್ಲಿ ಜಾಗ ಎಷ್ಟಿದೆ ನೋಡಿಕೊಳ್ಳಿ.